ಎಡತೋಳಿನ ಕಲೆ

ಮಾವನಿಗೆ ಮೂತ್ರಕೋಶದ ಕ್ಯಾನ್ಸರ್. ಡಾಕ್ಟರು ಬರೆದ ಚೀಟಿ ಓದಿ, ಏನೋ ತಪ್ಪಾಗಿರಬೇಕು ಅಂದುಕೊಂಡೆ. ಬಿಸಿಜಿ! ನಮ್ಮ ಎಡತೋಳಿನ ಮೇಲೆ ಕಲೆ ಬಿಟ್ಟಿರುವ ಅದೇ ಕ್ಷಯದ ಲಸಿಕೆ. ‘ಈ ವಯಸ್ಸಲ್ಲಿ ಬಿಸಿಜಿನೇನೋ?’ ಎಂದು ಮಾವ ನಕ್ಕರು.

ಫ್ರಾನ್ಸಿನ ಲೀಲ್ ನಗರದಲ್ಲಿ ಕಾಲ್ಮೆಟ್ ಮತ್ತು ಗೆರಾನ್ 1908ರಿಂದ 13 ವರ್ಷ ದನದ ಕ್ಷಯದ ರೋಗಾಣುವನ್ನು ಪಿತ್ತರಸದಲ್ಲಿ ಬೇಯಿಸಿದ ಆಲೂಗಡ್ಡೆಯ ಮೇಲೆ 230 ಸಲ ಬೆಳೆಸಿ ಅದರ ಹಲ್ಲು ಕಿತ್ತರು. 1921ರಲ್ಲಿ ಮೊದಲ ಮಗುವಿಗೆ ಕೊಟ್ಟರು. ಕ್ಷಯವಿದ್ದವರ ಶವಪರೀಕ್ಷೆಗಳಲ್ಲಿ ಕ್ಯಾನ್ಸರ್ ಕಡಿಮೆ ಎಂದು ಅಮೆರಿಕದ ರೇಮಂಡ್ ಪರ್ಲ್ ಬರೆದದ್ದು 1929ರಲ್ಲಿ.

ಕೆನಡಾದ ಕಿಂಗ್‌ಸ್ಟನ್ನಿನ ಅಲ್ವಾರೊ ಮೊರಾಲೆಸ್ ಈ ಲಸಿಕೆಯನ್ನು ನಳಿಗೆಯಿಂದ ಮೂತ್ರಕೋಶದೊಳಕ್ಕೇ ಬಿಟ್ಟರು. 1976ರಲ್ಲಿ ಪ್ರಕಟವಾದ ಅವರ ವರದಿಯಲ್ಲಿದ್ದದ್ದು ಒಂಬತ್ತೇ ರೋಗಿಗಳು. ಲಸಿಕೆ ಒಳಗೆ ಹೋಗಿ ಮೈಯ ರಕ್ಷಣಾಪಡೆಯನ್ನು ಕೆಣಕುತ್ತದೆ. ಗೆಡ್ಡೆಯ ಮೇಲೆ ಬೀಳುವುದು ಆ ಪಡೆ. ವಾರಕ್ಕೊಂದರಂತೆ ಆರು ವಾರ. ಆರೇ ಏಕೆ? ಆಗ ಲಸಿಕೆಯ ಪೊಟ್ಟಣದಲ್ಲಿ ಆರು ಸೀಸೆ ಇರುತ್ತಿದ್ದವು! ಇವತ್ತಿಗೂ ಅದೇ ಲೆಕ್ಕ.

ಹಳೆಯ ಔಷಧಿ, ಲಾಭ ಕಮ್ಮಿ, ತಯಾರಿಸುವವರು ಬೆರಳೆಣಿಕೆ. ರೋಗಾಣುವೋ ಬಲು ನಿಧಾನ ಬೆಳೆಯುವಂಥದ್ದು, ಅವಸರಕ್ಕೆ ಬಗ್ಗುವುದಿಲ್ಲ. 2012ರಲ್ಲಿ ಟೊರಾಂಟೊದ ಒಂದು ಕಾರ್ಖಾನೆಗೆ ನೀರು ನುಗ್ಗಿದ್ದೇ ತಡ, ಹಲವು ದೇಶಗಳ ರೋಗಿಗಳು ಕಾಯಬೇಕಾಯಿತು.

ಮಾವನಿಗೂ ನಾಲ್ಕನೆಯ ವಾರ ಸ್ಟಾಕ್ ಇಲ್ಲ ಅಂದರು. ಎರಡು ಊರು ಸುತ್ತಿ, ಐಸ್ ತುಂಬಿದ ಡಬ್ಬಿಯಲ್ಲಿ ಸೀಸೆ ಇಟ್ಟು, ರಾತ್ರಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದೆ. ಹತ್ತು ದಿನ ತಡವಾಗಿತ್ತು.