ಒಂದು ನೆಲ, ಎರಡು ಫಸಲು

ಉತ್ತರ ಸಮುದ್ರದ ಡಚ್ ಕರಾವಳಿಯಲ್ಲಿ ಗಾಳಿಯಂತ್ರಗಳ ನಡುವೆ 2024ರಲ್ಲಿ ಕಡಲಪಾಚಿ ಬೆಳೆಸಲು ಹೊರಟಾಗ ಅದು ಹೊಸತೆನಿಸಿತು. ಒಂದೇ ಜಾಗಕ್ಕೆ ಎರಡು ಬದುಕು ಹೊಂದಿಸುವ ಆ ಲೆಕ್ಕ ಹುಳಿಯಾರು, ತಿಪಟೂರು ಸೀಮೆಗೆ ಹಳೆಯದು. ಇಲ್ಲಿ ಕೊಬ್ಬರಿಯ ತೆಂಗು ಮೇಲೆ ನಿಂತರೆ ಕೆಳಗೆ ರಾಗಿ, ಹುರುಳಿ, ಅಲಸಂದೆ; ಬದುವಿನಲ್ಲಿ ದನಕ್ಕೆ ಮೇವು. ಕೆರೆಯೂ ಹಾಗೆಯೇ: ನೀರು ಗದ್ದೆಗೆ, ಮೀನು ಊರಿಗೆ, ಬೇಸಿಗೆಯ ಗೋಡು ತೋಟಕ್ಕೆ.

ಎರಡು ಬೆಳೆ ಇಟ್ಟರೆ ಎರಡೂ ಸೊರಗುತ್ತವೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ 1916ರಲ್ಲಿ ತೆಂಗು ಸಂಶೋಧನೆ ಆರಂಭವಾದ ಕಾಸರಗೋಡಿನ ಕೇಂದ್ರ ಕಂಡುಕೊಂಡಂತೆ, ತೆಂಗಿನ ಚುರುಕಾದ ಬೇರುಗಳಲ್ಲಿ ಬಹುಪಾಲು ಬುಡದಿಂದ 2 ಮೀಟರಿನೊಳಗೇ ಇರುತ್ತವೆ. 7.5 ಮೀಟರ್ ಅಂತರದ ತೋಟದಲ್ಲಿ ಮುಕ್ಕಾಲು ಪಾಲು ಮಣ್ಣು ಹಾಗೇ ಉಳಿಯುತ್ತದೆ. ನೆರಳಿನ ತೊಡಕು ನಿಜ; ಸುಮಾರು 8ರಿಂದ 25 ವರ್ಷದ ಮರದಡಿ ಬೆಳಕು ಕಡಿಮೆ, ಆಮೇಲೆ ಮತ್ತೆ ಹೆಚ್ಚುತ್ತದೆ. ಹಾಗಾಗಿ ಸಹಬಾಳ್ವೆ ಎಲ್ಲ ಕಾಲಕ್ಕೂ ಒಂದೇ ಸೂತ್ರವಲ್ಲ, ಹೊತ್ತರಿತ ಹೊಂದಾಣಿಕೆ. ನೀರಿನ ಮಾತಿಗೂ ಇದೇ ಉತ್ತರ: ಮಳೆಗಾಲದ ಹುರುಳಿ ತೆಂಗಿನ ಬಾಯಾರಿಕೆ ಹೆಚ್ಚಿಸದು, ಬೇಸಿಗೆಯಲ್ಲೂ ಕೊಳವೆಬಾವಿ ನೀರು ಬೇಡುವ ಬೆಳೆ ಹೆಚ್ಚಿಸುತ್ತದೆ. ಕಡಲಿನವರೂ ಕಲಿಯಬೇಕಾದುದು ಇದನ್ನೇ: ಜಾಗ ಹಂಚಿಕೊಂಡರೆ ಸಾಲದು, ಮಿತಿಯನ್ನೂ ಹಂಚಿಕೊಳ್ಳಬೇಕು.