ಮದರಾಸಿನ ಉಡುಪಿ ಹೋಟೆಲುಗಳೂ ಪ್ರವಾಸಿ ಕುಟುಂಬದ ಊಟವೂ

ಪ್ರವಾಸವೆಂದರೆ ಬುತ್ತಿಯ ಗಂಟು ಎಂಬ ಭಾವನೆ ಕನ್ನಡ ನಾಡಿನ ಆಚಾರವಂತ ಕುಟುಂಬಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ದೃಢವಾಗಿತ್ತು. ಅವಲಕ್ಕಿ, ಹುರಿಹಿಟ್ಟು, ಹುಳಿಯನ್ನ, ಬಾಳೆಯ ಎಲೆಯಲ್ಲಿ ಕಟ್ಟಿದ ಮೊಸರನ್ನ, ಡಬ್ಬದ ತುಂಬ ಚಕ್ಕುಲಿ, ಜೊತೆಗೆ ಮನೆಯ ಬಾವಿಯ ನೀರು ತುಂಬಿದ ಕೂಜೆ - ಇಷ್ಟನ್ನು ಹೊತ್ತುಕೊಂಡೇ ಜನರು ತಿರುಪತಿಗೋ ರಾಮೇಶ್ವರಕ್ಕೋ ಹೊರಡುತ್ತಿದ್ದರು. ಬುತ್ತಿ ಮುಗಿದ ಮೇಲೆ ಛತ್ರವೇ ಗತಿ. ಮದರಾಸಿನ ಸೆಂಟ್ರಲ್ ನಿಲ್ದಾಣದ ಎದುರು ರಾಜಾ ಸರ್ ರಾಮಸ್ವಾಮಿ ಮುದಲಿಯಾರರು 1888ರಲ್ಲಿ ಕಟ್ಟಿಸಿದ ಛತ್ರದಂಥ ಆಶ್ರಯಗಳು ರೈಲಿನಿಂದ ಇಳಿದವರಿಗೆ ದೊಡ್ಡ ಉಪಕಾರವನ್ನೇ ಮಾಡಿದುವು. ಆದರೆ ಛತ್ರವು ಸೂರನ್ನು ಕೊಟ್ಟೀತೇ ಹೊರತು ಗೃಹಿಣಿಗೆ ಬಿಡುವನ್ನು ಕೊಡಲಾರದು. ಗಂಡಸರು ದೇವರ ದರ್ಶನಕ್ಕೂ ಕಚೇರಿಯ ಕೆಲಸಕ್ಕೂ ಹೋಗಿ ಬರುವಷ್ಟರಲ್ಲಿ ಮೂರು ಕಲ್ಲು ಹೂಡಿ, ಹಸಿ ಸೌದೆ ಊದಿ, ಅನ್ನ ಸಾರು ಮಾಡಿಟ್ಟು ಕಾದಿರುವುದೇ ಆಕೆಯ ಪ್ರವಾಸವಾಗಿತ್ತು.

ಇಂಥ ಕುಟುಂಬಗಳ ಮುಂದಿನ ಪೀಳಿಗೆಯವರು ಮದರಾಸಿನ ಪ್ರವಾಸವನ್ನು ನೆನೆಯುವಾಗ ಕಡಲತೀರದೊಂದಿಗೆ ಹೋಟೆಲಿನ ಊಟವನ್ನೂ ಸೇರಿಸಿಯೇ ನೆನೆಯುತ್ತಾರೆ. ಪರಸ್ಥಳದಲ್ಲಿ ಪರರು ಬೇಯಿಸಿದ ಅನ್ನವು ಎರಡೇ ತಲೆಮಾರುಗಳಲ್ಲಿ ಭಯದ ವಸ್ತುವಾಗಿದ್ದುದು ಸುಖದ ವಸ್ತುವಾದುದು ಹೇಗೆ? ಇದಕ್ಕೆ ಉತ್ತರವು ಬಹುಮಟ್ಟಿಗೆ ದಕ್ಷಿಣ ಕನ್ನಡದಿಂದ ಮದರಾಸಿಗೆ ಹೋದ ಅಡಿಗೆಯವರ ಚರಿತ್ರೆಯಲ್ಲಿದೆ.

ಕೆನರಾ ಪ್ರಾಂತವು ಟಿಪ್ಪುವಿನ ಪತನಾನಂತರ 1799ರಲ್ಲಿ ಕಂಪೆನಿಯ ಮದರಾಸು ಆಡಳಿತಕ್ಕೆ ಸೇರಿತು. 1862ರಲ್ಲಿ ಅದರ ಉತ್ತರ ಭಾಗವು ಮುಂಬಯಿಗೆ ಹೋದರೂ ದಕ್ಷಿಣ ಭಾಗವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನಲ್ಲಿಯೇ ಉಳಿಯಿತು. ಎಂದರೆ, ಉಡುಪಿ, ಕಾರ್ಕಳ, ಕುಂದಾಪುರಗಳ ಜನರಿಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ರಾಜಧಾನಿ ಬೆಂಗಳೂರಲ್ಲ, ಮೈಸೂರೂ ಅಲ್ಲ, ಮದರಾಸು. ಮೇಲಿನ ನ್ಯಾಯಾಲಯ ಅಲ್ಲಿ, ವಿಶ್ವವಿದ್ಯಾಲಯ ಅಲ್ಲಿ, ದೊಡ್ಡ ಆಸ್ಪತ್ರೆ ಅಲ್ಲಿ. 1907ರಲ್ಲಿ ಮಂಗಳೂರಿಗೆ ರೈಲುದಾರಿ ಬಂದ ಮೇಲಂತೂ ಪಾಲಘಾಟಿನ ಮಾರ್ಗವಾಗಿ ನೇರ ಸಂಪರ್ಕವೇ ಏರ್ಪಟ್ಟಿತು. ಮೊಕದ್ದಮೆಯವರೂ ವಿದ್ಯಾರ್ಥಿಗಳೂ ಗುಮಾಸ್ತರೂ ಹೋದ ದಾರಿಯಲ್ಲಿಯೇ ಅಡಿಗೆಯವರೂ ಹೋದರು. ಅವರ ಊರಿನಲ್ಲಿ ಭೂಮಿ ಸ್ವಲ್ಪ, ಮಕ್ಕಳು ಹೆಚ್ಚು. ಸಾಲದುದಕ್ಕೆ 1923ರ ನೇತ್ರಾವತಿಯ ಮಹಾಪೂರವು ಜಿಲ್ಲೆಯನ್ನು ಜರ್ಜರಗೊಳಿಸಿತು. ಅವರ ಕೈಯಲ್ಲಿದ್ದ ಏಕೈಕ ಬಂಡವಾಳವೆಂದರೆ ಶ್ರೀಕೃಷ್ಣಮಠದ ಪರಂಪರೆಯಲ್ಲಿ ಬೆಳೆದ ಪಾಕವಿದ್ಯೆ. ಅಷ್ಟಮಠಗಳ ಪರ್ಯಾಯವು ಎರಡು ವರ್ಷಕ್ಕೊಮ್ಮೆ ಬದಲಾಗುವ, ದಿನವೂ ನೂರಾರು ಎಲೆ ಹಾಕಬೇಕಾದ ಊರಿನಲ್ಲಿ, ಬಹುಮಂದಿಗೆ ಏಕಕಾಲದಲ್ಲಿ ರುಚಿ ಕೆಡದಂತೆ ಬೇಯಿಸುವುದು ಒಂದು ಶಾಸ್ತ್ರವೇ ಆಗಿತ್ತು.

ಈ ವಲಸೆಯ ಪ್ರಾತಿನಿಧಿಕ ಪುರುಷನೆಂದರೆ ಕಾರ್ಕಳ ಸೀಮೆಯ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು. ಅಡಿಗೆಮನೆಯ ಕೆಳಗಿನ ಕೆಲಸಗಳಿಂದ ಆರಂಭಿಸಿ, 1920ರ ದಶಕದಲ್ಲಿ ಜಾರ್ಜ್‌ಟೌನಿನ ಆಚಾರಪ್ಪನ್ ಬೀದಿಯಲ್ಲಿ ಸಣ್ಣ ಉಪಾಹಾರಗೃಹ ನಡೆಸಿ, ಬಳಿಕ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ತೆರೆದ ಇವರು, 1930ರ ದಶಕದ ಕೊನೆಯಲ್ಲಿ ಒಂದು ದಿಟ್ಟ ಹೆಜ್ಜೆಯಿಟ್ಟರು. ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ ವುಡ್‌ಲ್ಯಾಂಡ್ಸ್ ಎಂಬ ಬಂಗಲೆಯನ್ನು ಗುತ್ತಿಗೆಗೆ ಪಡೆದು ಅದನ್ನು ಊಟ ವಸತಿಗಳ ಹೋಟೆಲನ್ನಾಗಿ ಮಾಡಿದರು. ಅಂಗಳ, ಮರ, ಎತ್ತರದ ಕೋಣೆಗಳ ಆ ಬಂಗಲೆಯಲ್ಲಿ ಇಡ್ಲಿ ಸಾಂಬಾರು ದೊರೆಯತೊಡಗಿತು. ಆವರೆಗೆ ಇಂಥ ಕಟ್ಟಡಗಳಲ್ಲಿ ತಂಗುವ ಸುಖವು ಐರೋಪ್ಯ ಮಾದರಿಯ ಹೋಟೆಲುಗಳ ಸೊತ್ತಾಗಿತ್ತು; ಶಾಕಾಹಾರಿ ಗೃಹಸ್ಥನಿಗೆ ಅಲ್ಲಿ ಹಾಸಿಗೆ ಸಿಕ್ಕೀತು, ಎಲೆ ಸಿಗದು. ಎರಡನ್ನೂ ಒಂದೇ ಸೂರಿನಡಿ ಕೂಡಿಸಿದ್ದೇ ರಾಯರ ಸಾಧನೆ. ಹೆಂಡತಿ, ಮಕ್ಕಳು, ಮುದಿ ತಾಯಿ ಇವರೊಡನೆ ಬಂದವನಿಗೆ ಬಿಸಿನೀರು, ಕೋಣೆ, ಊಟ ಮೂರೂ ಒಂದೆಡೆ ಸಿಕ್ಕಿದ ಮೇಲೆ ಛತ್ರದ ಮೂರು ಕಲ್ಲಿನ ಒಲೆ ಯಾರಿಗೆ ಬೇಕು?

ಉಡುಪಿ ಎಂಬ ಹೆಸರೇ ಇಲ್ಲಿ ಅರ್ಧ ಕೆಲಸ ಮಾಡಿತೆಂಬುದನ್ನು ಮರೆಯಲಾಗದು. ಮುಸುರೆಯ ಭಯವಿದ್ದ ಪ್ರವಾಸಿಗೆ ಅದು ಕೃಷ್ಣನ ಊರು, ಮಾಧ್ವರ ಮಡಿಯ ಅಡಿಗೆ, ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಪಾಕ ಎಂಬ ಭರವಸೆಯನ್ನು ಬಾಗಿಲಲ್ಲಿಯೇ ಕೊಡುತ್ತಿತ್ತು. ಮಸಾಲೆ ದೋಸೆಯೊಳಗೆ ಈರುಳ್ಳಿ ನುಸುಳಿದುದು ಬೇರೆ ಮಾತು. ಅಷ್ಟರಲ್ಲಿ ಗಿರಾಕಿಯೂ ಅದಕ್ಕೆ ಒಲಿದಿದ್ದನು. ಮನೆಯ ಹಿರಿಯರಲ್ಲಿ, ಅದರಲ್ಲಿಯೂ ಮಡಿಯ ಹೆಂಗಸರಲ್ಲಿ, ಉಡುಪಿಯ ಹೆಸರಿಗೂ ಕರಗದೆ ಬಾಳೆಹಣ್ಣು ಹಾಲುಗಳಲ್ಲಿಯೇ ಪ್ರವಾಸವನ್ನು ಮುಗಿಸಿದವರಿದ್ದರು. ಆದರೆ ಅವರ ಸೊಸೆಯಂದಿರು ಕುಳಿತು ಉಂಡರು. ತಾನು ಬಡಿಸದೆ, ಗಂಡ ಮಕ್ಕಳ ಊಟ ಮುಗಿಯಲೆಂದು ಕಾಯದೆ, ಅವರ ಪಕ್ಕದಲ್ಲಿಯೇ ಕುಳಿತು ಬಿಸಿ ಅನ್ನವನ್ನು ಉಣ್ಣುವ ಅವಕಾಶವು ಅನೇಕ ಗೃಹಿಣಿಯರಿಗೆ ಮೊದಲು ದೊರೆತುದು ಬಹುಶಃ ಇಂಥ ಹೋಟೆಲುಗಳಲ್ಲಿ. ‘ಫ್ಯಾಮಿಲಿ ರೂಮು’ ಎಂಬ ಪರದೆ ಇಳಿಬಿಟ್ಟ ಗೂಡುಗಳನ್ನು ಇಂದಿನವರು ನೋಡಿ ನಗಬಹುದು. ಆ ಪರದೆಯೇ ಆಕೆಯನ್ನು ಬೀದಿಯ ಹೋಟೆಲಿನೊಳಗೆ ಕರೆತಂದಿತು. ಈ ಪರಿವರ್ತನೆಗೆ ಸಿಗಬೇಕಾದಷ್ಟು ಗಮನ ನಮ್ಮ ಸಾಮಾಜಿಕ ಇತಿಹಾಸದಲ್ಲಿ ಸಿಕ್ಕಿಲ್ಲ.

ಇನ್ನು ಊಟದ ವಿಚಾರ. ಕನ್ನಡಿಗರ ಎಲೆಯಲ್ಲಿ ಸಾರು ಮೊದಲು, ಹುಳಿ ಅನಂತರ. ತಮಿಳರ ಎಲೆಯಲ್ಲಿ ಸಾಂಬಾರು ಮೊದಲು, ರಸಂ ಅನಂತರ. ಸಣ್ಣ ಭೇದವೆಂದು ತೋರಬಹುದು. ಆದರೆ ಮೈಸೂರಿನಿಂದ ಬಂದ ಕುಟುಂಬವೊಂದಕ್ಕೆ ತಾನು ಪರನಾಡಿನಲ್ಲಿದ್ದೇನೆಂಬ ಅರಿವು ಭಾಷೆಗಿಂತ ಮೊದಲು ಎಲೆಯ ಮೇಲೆಯೇ ಆಗುತ್ತಿತ್ತು. ಎಲೆಯ ಸ್ಥಾನಕ್ಕೆ ಬಟ್ಟಲುಗಳನ್ನಿಟ್ಟ ಉಕ್ಕಿನ ತಟ್ಟೆ ಬಂದ ಬಳಿಕ ಈ ವ್ಯಾಜ್ಯವು ತಾನಾಗಿಯೇ ಮುಗಿಯಿತು: ಎಲ್ಲವೂ ಒಮ್ಮೆಗೇ ಎದುರಿಗಿರುವಾಗ ಯಾವುದು ಮೊದಲೆಂಬುದು ಉಣ್ಣುವವನ ಇಷ್ಟ. ರುಚಿಯಲ್ಲಿಯೂ ಹೀಗೆಯೇ ಒಂದು ಒಡಂಬಡಿಕೆಯಾಯಿತು. ಹುರಿದ ಕೊತ್ತುಂಬರಿ, ತೆಂಗಿನಕಾಯಿಗಳನ್ನು ರುಬ್ಬಿಹಾಕಿ ತುಸು ಬೆಲ್ಲ ಬೆರಸಿದ ದಕ್ಷಿಣ ಕನ್ನಡದ ಹುಳಿಯು ತಮಿಳು ನಾಲಗೆಗೆ ಮೊದಲು ಸಿಹಿಯೆನಿಸಿ, ಕ್ರಮೇಣ ‘ಉಡುಪಿ ಸಾಂಬಾರ್’ ಎಂಬ ಸ್ವತಂತ್ರ ಪದವಿಯನ್ನು ಪಡೆಯಿತು. ಪ್ರತಿಯಾಗಿ ತಮಿಳುನಾಡು ಕೊಟ್ಟುದು ಡವರಾ ಲೋಟದ ಕಾಫಿ. ಇಡ್ಲಿಯು ಯಾರದೆಂಬ ಚರ್ಚೆ ಈ ಮೇಜುಗಳ ಸುತ್ತ ಎಷ್ಟು ಬಾರಿ ನಡೆದಿದೆಯೋ! ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆಯೆಂದು ಹೇಳಿ ಕನ್ನಡಿಗನು ಗೆದ್ದೆನೆಂದು ಭಾವಿಸುವುದು ವಾಡಿಕೆ. ಹೆಸರು ಹಳೆಯದು, ನಿಜ; ಅಂದಿನ ಇಡ್ಡಲಿಗೆಯೂ ಇಂದಿನ ಇಡ್ಲಿಯೂ ಒಂದೇ ಎಂದು ಅದರಿಂದ ಸಿದ್ಧವಾಗದು.

ಹೆಸರಿನ ಇನ್ನೊಂದು ವಿನೋದವೂ ಇದೆ. ತಮಿಳಿನಲ್ಲಿ ಮಾಂಸವಿಲ್ಲದ ಊಟಕ್ಕೆ ‘ಶೈವ ಶಾಪ್ಪಾಡು’ ಎಂದು ಹೆಸರು. ಹೀಗಾಗಿ ಕಟ್ಟಾ ವೈಷ್ಣವರಾದ ಶಿವಳ್ಳಿಯ ಮಾಧ್ವರು ಮದರಾಸಿನಲ್ಲಿ ಮೂರು ತಲೆಮಾರು ‘ಶೈವ’ ಊಟವನ್ನು ಮಾರಿ ಬದುಕಿದರು.

ಈ ಸುಖದ ಊಟಕ್ಕೆ ಎರಡು ಬೆಲೆಗಳಿದ್ದುವು. ಮೊದಲನೆಯದನ್ನು ತೆತ್ತವರು ಅಡಿಗೆಮನೆಯ ಹುಡುಗರು. ಹತ್ತು ಹನ್ನೆರಡು ವಯಸ್ಸಿನ ‘ಮಾಣಿ’ಗಳು ಊರಿನ ಪರಿಚಿತರ ಬೆನ್ನುಹಿಡಿದು ಬಂದು, ಊಟ ಮತ್ತು ಮಲಗುವ ಜಾಗಕ್ಕೆ ದುಡಿದು, ಎಂಜಲೆಲೆ ಎತ್ತಿ, ಲೋಟ ತೊಳೆದು, ರಾತ್ರಿ ಗಿರಾಕಿಗಳು ಹೋದ ಬಳಿಕ ಅದೇ ಮೇಜುಗಳ ಮೇಲೆ ಮಲಗುತ್ತಿದ್ದರು. ಮುಂಜಾವದ ಇಡ್ಲಿಗೆಂದು ಮಣಗಟ್ಟಲೆ ಅಕ್ಕಿ ಉದ್ದುಗಳನ್ನು ತೋಳಿನ ಬಲದಿಂದಲೇ ರುಬ್ಬಬೇಕಾಗಿತ್ತು. 1950ರ ದಶಕದ ನಡುವೆ ಕೊಯಮತ್ತೂರಿನಲ್ಲಿ ವಿದ್ಯುತ್ತಿನ ರುಬ್ಬುವ ಯಂತ್ರ ರೂಪುಗೊಳ್ಳುವವರೆಗೂ ಈ ಶ್ರಮಕ್ಕೆ ಪರಿಹಾರವಿರಲಿಲ್ಲ. ಇಂಥ ಹುಡುಗರಲ್ಲಿ ಕೆಲವರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರು, ಬಹುಮಂದಿ ಕುಳಿತುಕೊಳ್ಳಲಿಲ್ಲ. ಯಶಸ್ಸಿನ ಕಥೆಗಳನ್ನೇ ಬರೆಯುವವರು ಈ ಎರಡನೆಯ ಸಂಖ್ಯೆಯನ್ನು ಮರೆಯುವುದು ಸಹಜ.

ಎರಡನೆಯ ಬೆಲೆಯನ್ನು ತೆತ್ತವರು ಒಳಗೆ ಕಾಲಿಡಲಾಗದವರು ಮತ್ತು ಒಳಗೆ ಬಂದರೂ ಬೇರೆ ಕೂಡಬೇಕಾದವರು. ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವೆಂಬ ಏರ್ಪಾಡು ಮದರಾಸಿನ ಹೋಟೆಲುಗಳಲ್ಲಿ ಸಾಮಾನ್ಯವಾಗಿತ್ತು. ಒಂದೇ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಸ್ನೇಹಿತರು ಸಂಜೆ ತಿಂಡಿಗೆಂದು ಕೂಡಿ ಹೊರಟರೆ ಹೋಟೆಲಿನ ಹೊಸ್ತಿಲಲ್ಲಿ ಬೇರ್ಪಡಬೇಕಾಗುತ್ತಿತ್ತು. ಪೆರಿಯಾರ್ ರಾಮಸ್ವಾಮಿಯವರ ಚಳುವಳಿಯು ಇದನ್ನು ನೇರವಾಗಿ ಎದುರಿಸಿತು. ರೈಲ್ವೆಯ ಉಪಾಹಾರಗೃಹಗಳಲ್ಲಿದ್ದ ಪ್ರತ್ಯೇಕ ಪಂಕ್ತಿ 1941ರಲ್ಲಿ ಹೋಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಭೋಜನಾಲಯ, ಹೋಟೆಲುಗಳ ಪ್ರವೇಶಕ್ಕೆ ಜಾತಿ ಅಡ್ಡಬರಬಾರದೆಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅದಕ್ಕೆ ಶಿಕ್ಷೆಯ ಬಲವನ್ನು ಕೂಡಿಸಿತು. ಆದರೂ ನಾಮಫಲಕಗಳು ಉಳಿದುವು. 1957ರಲ್ಲಿ ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಫಲಕದಲ್ಲಿದ್ದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಯಿಸಲು ತಿಂಗಳುಗಟ್ಟಲೆ ಸತ್ಯಾಗ್ರಹ ನಡೆದು ನೂರಾರು ಮಂದಿ ಬಂಧಿತರಾದರು; ಕಡೆಗೆ ಆ ಪದ ಹೋಯಿತು. ಅದರ ಜಾಗಕ್ಕೆ ನಗರದಲ್ಲೆಲ್ಲ ‘ಉತ್ತಮ ದರ್ಜೆಯ ಶಾಕಾಹಾರ’ ಎಂಬ ನಿರುಪದ್ರವಿಯಾದ ಮಾತು ಬಂದಿತು. ಉಡುಪಿಯವರು ಈ ಬದಲಾವಣೆಯ ನಾಯಕರಾಗಿರಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಹಣ ಕೊಟ್ಟವನೆಲ್ಲ ಗಿರಾಕಿಯೆಂಬ ವ್ಯಾಪಾರಧರ್ಮವನ್ನು ಅವರು ಬೇಗನೆ ಕಲಿತರು, ಕಲಿತವರೇ ಬೆಳೆದರು.

ಸ್ವಾತಂತ್ರ್ಯಾನಂತರದ ಎರಡು ದಶಕಗಳು ಈ ಹೋಟೆಲುಗಳ ಸುವರ್ಣಕಾಲ. ಕೃಷ್ಣರಾಯರು 1952ರಲ್ಲಿ ಮೈಲಾಪುರದ ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ, ಎಂದರೆ ಇಂದಿನ ರಾಧಾಕೃಷ್ಣನ್ ಸಾಲೆಯಲ್ಲಿ, ನ್ಯೂ ವುಡ್‌ಲ್ಯಾಂಡ್ಸನ್ನು ಆರಂಭಿಸಿದರು. ಮೈಸೂರಿನಲ್ಲಿ ಹೆಸರು ಮಾಡಿದ್ದ ದಾಸಪ್ರಕಾಶದ ಕೆ. ಸೀತಾರಾಮರಾಯರು 1954ರಲ್ಲಿ ಪೂನಮಲ್ಲಿ ಹೈರೋಡಿನಲ್ಲಿ ಕಟ್ಟಿಸಿದ ಭವ್ಯ ಹೋಟೆಲು ರೈಲಿನಿಂದ ಇಳಿದವರಿಗೆ ಸಮೀಪವಾಗಿಯೇ ಇತ್ತು. ಅಲ್ಲಿಯ ಐಸ್‌ಕ್ರೀಮು ಎಷ್ಟು ಪ್ರಸಿದ್ಧವಾಯಿತೆಂದರೆ, ತಿರುಪತಿಯ ಲಡ್ಡುವಿನ ಬಳಿಕ ಮಕ್ಕಳಿಗೆ ಅದೇ ಪ್ರವಾಸದ ಎರಡನೆಯ ಪ್ರಸಾದವಾಯಿತು. ಕನ್ನಡ ಚಲನಚಿತ್ರಗಳು ಆ ಕಾಲದಲ್ಲಿ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದುದರಿಂದ ನಟರಿಗೂ ತಂತ್ರಜ್ಞರಿಗೂ ಊರಿನ ರುಚಿಯ ನೆಲೆಗಳು ಬೇಕಾಗಿದ್ದುವು. 1964ರಲ್ಲಿ ಬೃಂದಾವನ ಎಕ್ಸ್‌ಪ್ರೆಸ್ ಓಡತೊಡಗಿದ ಮೇಲೆ ಬೆಂಗಳೂರಿನ ಮಧ್ಯಮವರ್ಗದ ಕುಟುಂಬಕ್ಕೆ ಮದರಾಸು ಹಗಲು ಪ್ರಯಾಣದ ಊರಾಯಿತು; ಬುತ್ತಿಯ ಗಂಟು ಹಗುರವಾಯಿತು.

ಇಷ್ಟರಲ್ಲಿ 1956ರ ನವೆಂಬರ್ 1 ಬಂದು ಹೋಗಿತ್ತು. ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿತು. ತಮ್ಮ ಜಿಲ್ಲೆಯ ರಾಜಧಾನಿಯಲ್ಲಿ ವ್ಯಾಪಾರ ಹೂಡಿದ್ದವರು ಒಂದೇ ರಾತ್ರಿಯಲ್ಲಿ ಹೊರರಾಜ್ಯದವರಾದರು. ಏಕೀಕರಣದ ಹರ್ಷವನ್ನು ದಾಖಲಿಸುವಾಗ ಈ ಪಾರ್ಶ್ವವನ್ನು ಗಮನಿಸುವವರು ವಿರಳ. ಊರಿನಿಂದ ಹೊಸ ಹುಡುಗರ ಹರಿವು ಮುಂಬಯಿ ಬೆಂಗಳೂರುಗಳತ್ತ ಹೆಚ್ಚಾಗಿ ತಿರುಗಿದುದಕ್ಕೆ ಇದೂ ಒಂದು ಕಾರಣವಿರಬಹುದು. ಮದರಾಸಿನಲ್ಲಿ ಉಳಿದವರ ಅಡಿಗೆಮನೆಯಲ್ಲಿ ತುಳುವೂ ಗಲ್ಲಾದಲ್ಲಿ ತಮಿಳೂ ಊರಿನ ಕಾಗದಪತ್ರಗಳಲ್ಲಿ ಕನ್ನಡವೂ ನಡೆದುವು. ಮಕ್ಕಳು ಇಂಗ್ಲಿಷ್ ಕಲಿತು ಬೇರೆ ಉದ್ಯೋಗಗಳಿಗೆ ಹೋದರು. 1981ರಲ್ಲಿ ಕೆ.ಕೆ. ನಗರದಲ್ಲಿ ಶರವಣ ಭವನವು ಪ್ರಾರಂಭವಾಗಿ, ತಮಿಳರೇ ನಡೆಸುವ ಶಾಕಾಹಾರಿ ಹೋಟೆಲುಗಳ ಹೊಸ ಯುಗ ಬಂದಾಗ, ಉಡುಪಿಯವರು ರೂಢಿಸಿದ ಶುಚಿ, ವೇಗ, ನಿಗದಿಯಾದ ರುಚಿಗಳು ಯಾರೂ ಕಲಿಯಬಹುದಾದ ವಿದ್ಯೆಯಾಗಿ ಪರಿಣಮಿಸಿದ್ದುವು.

ಕೃಷ್ಣರಾಯರ ಸಾಹಸಗಳಲ್ಲಿ ಅತ್ಯಂತ ಜನಪ್ರಿಯವಾದುದು 1962ರಲ್ಲಿ ಕೆಥೆಡ್ರಲ್ ರಸ್ತೆಯ ತೋಟಗಾರಿಕೆಯ ಸಂಘದ ಆವರಣದಲ್ಲಿ ಆರಂಭವಾದ ಡ್ರೈವ್-ಇನ್ ವುಡ್‌ಲ್ಯಾಂಡ್ಸ್. ಕಾರಿನ ಬಾಗಿಲಿಗೆ ತಟ್ಟೆಯನ್ನು ಸಿಕ್ಕಿಸಿ, ಮರದ ನೆರಳಿನಲ್ಲಿ, ಕುಳಿತಲ್ಲಿಯೇ ದೋಸೆ ತಿನ್ನುವ ಈ ಅಮೆರಿಕನ್ ಪದ್ಧತಿಗೆ ನಗರವು ಮರುಳಾಯಿತು. ಆದರೆ ಕಾರಿಲ್ಲದವರಿಗೂ ಒಳಗೆ ಜಾಗವಿತ್ತು. ಕಾಲೇಜಿನ ವಿದ್ಯಾರ್ಥಿಗಳು, ಔಷಧ ಕಂಪೆನಿಗಳ ಪ್ರತಿನಿಧಿಗಳು, ಬರಹಗಾರರು, ಊರು ನೋಡಬಂದ ಕುಟುಂಬಗಳು ಒಂದು ಕಾಫಿಯ ಮುಂದೆ ಗಂಟೆಗಟ್ಟಲೆ ಕುಳಿತರೂ ಎಬ್ಬಿಸುವವರಿರಲಿಲ್ಲ. ಒಂದೇ ಬೆಂಚಿನ ಸ್ನೇಹಿತರು ಹೊಸ್ತಿಲಲ್ಲಿ ಬೇರ್ಪಡುತ್ತಿದ್ದ ನಗರದಲ್ಲಿಯೇ ಇದು ಸಾಧ್ಯವಾಯಿತು. ರಾಯರು 1990ರಲ್ಲಿ ತೀರಿಕೊಂಡರು. ನೆಲವು ಸರಕಾರದ್ದಾದುದರಿಂದ, ದೀರ್ಘ ವ್ಯಾಜ್ಯದ ಬಳಿಕ ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಕೇಂದ್ರ ಸರಕಾರವು ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವನ್ನು ಘೋಷಿಸಿದುದೂ ಅದೇ ವರ್ಷ. ಪೂನಮಲ್ಲಿ ರಸ್ತೆಯ ದಾಸಪ್ರಕಾಶವೂ ಈ ಶತಮಾನದಲ್ಲಿ ಬಾಗಿಲು ಹಾಕಿ ನೆಲಸಮವಾಯಿತು. ಡ್ರೈವ್-ಇನ್ ಇದ್ದ ನೆಲದಲ್ಲಿ 2010ರ ನವೆಂಬರಿನಲ್ಲಿ ಒಂದು ಉದ್ಯಾನವನ ತೆರೆಯಿತು. ತಮಿಳಿನ ಶಾಸ್ತ್ರೀಯ ಪದವಿಯ ಗೌರವಾರ್ಥ ಅದಕ್ಕೆ ‘ಸೆಮ್ಮೊಳಿ ಪೂಂಗಾ’, ಎಂದರೆ ಶಾಸ್ತ್ರೀಯ ಭಾಷೆಯ ಉದ್ಯಾನ, ಎಂದು ಹೆಸರಿಟ್ಟಿದ್ದಾರೆ. ಕಾರುಗಳಿಗೆ ನೆರಳು ಕೊಟ್ಟ ಹಳೆಯ ಮರಗಳಲ್ಲಿ ಹಲವನ್ನು ಕಡಿಯದೆ ಉಳಿಸಿಕೊಂಡಿದ್ದಾರೆ.