ಅಂಗಳಕ್ಕೆ ಬಂದ ಶಾಲೆ: ಅಂಗನವಾಡಿ ಹಕ್ಕಾದ ಕಥೆ

ಅಂಗನವಾಡಿ ಗೊತ್ತಿಲ್ಲದವರು ಊರಲ್ಲಿ ಯಾರೂ ಇಲ್ಲ. ಗೋಡೆ ಮೇಲೆ ಹಣ್ಣು-ತರಕಾರಿ ಚಿತ್ರ, ಮೂಲೆಯಲ್ಲಿ ತೂಕ ನೋಡುವ ಯಂತ್ರ, ಒಲೆ ಮೇಲೆ ಅನ್ನ-ಸಾಂಬಾರು. ಆದರೆ ಇದು ಎಲ್ಲಿಂದ ಬಂತು, ಸರಿಯಾಗಿ ಕೊಡದಿದ್ದರೆ ಕೇಳಬಹುದೇ ಎಂದರೆ ಬಹಳ ಜನ ‘ಸರ್ಕಾರ ಕೊಡುತ್ತೆ, ಬಂದಷ್ಟು ತಗೋಬೇಕು’ ಎನ್ನುತ್ತಾರೆ. ಒಂದು ಕಾಲಕ್ಕೆ ಈ ಮಾತು ನಿಜವಾಗಿತ್ತು. ಈಗ ಅಲ್ಲ. ಅದು ಹೇಗೆ ಬದಲಾಯಿತು ಎಂಬುದನ್ನು ನಾವು ಇಲ್ಲಿ ಹೇಳುತ್ತೇವೆ.

ಹೆಸರು ಬಂದದ್ದು ಹೀಗೆ

‘ಆಂಗನ್’ ಎಂದರೆ ನಮ್ಮ ಅಂಗಳವೇ. ಈ ಹೆಸರಿನ ಹಿಂದೆ ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಅವರ ಕೆಲಸವಿದೆ. 1945ರಲ್ಲಿ ಅವರು ಬೋರ್ಡಿ ಎಂಬ ಊರಿನಲ್ಲಿ ಹಳ್ಳಿ ಮಕ್ಕಳಿಗಾಗಿ ಬಾಲವಾಡಿ ಶುರು ಮಾಡಿದರು. ಜೊತೆಗೆ ನಿಂತವರು ಅನುತಾಯಿ ವಾಘ್. ಮುಂದೆ ಇಬ್ಬರೂ ಹತ್ತಿರದ ಕೋಸಬಾಡ್‌ಗೆ ಹೋಗಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು.

ಅಲ್ಲಿನ ಮಕ್ಕಳಿಗೆ ಶಾಲೆಗೆ ಬರಲು ಪುರುಸೊತ್ತಿರಲಿಲ್ಲ. ತಮ್ಮ-ತಂಗಿಯನ್ನು ಎತ್ತಿಕೊಂಡಿರಬೇಕು, ದನ ಕಾಯಬೇಕು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಅವರ ಕೇರಿಯ ಅಂಗಳಕ್ಕೆ ಹೋಗಲಿ ಎಂದು ತಾರಾಬಾಯಿ ತೀರ್ಮಾನಿಸಿದರು. ದುಬಾರಿ ಆಟಿಕೆ ಬೇಕಾಗಲಿಲ್ಲ. ಕಲ್ಲು, ಎಲೆ, ಬೀಜಗಳೇ ಪಾಠದ ಸಾಮಾನಾದವು. ‘ಬಡವರ ಮಗು ಇರುವ ಜಾಗಕ್ಕೇ ಸೇವೆ ಹೋಗಬೇಕು’ ಎಂಬ ವಿಚಾರ ಆ ಅಂಗಳಗಳಲ್ಲಿ ಗಟ್ಟಿಯಾಯಿತು.

1975: ತಿ. ನರಸೀಪುರದಲ್ಲಿ ಆರಂಭ

1974ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಕ್ಕಳ ರಾಷ್ಟ್ರೀಯ ನೀತಿ ಹೊರಡಿಸಿತು. ಮರುವರ್ಷ, 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಮೊದಲಿಗೆ ಇಡೀ ದೇಶದಲ್ಲಿ ಬರೀ 33 ಕಡೆ: 18 ಗ್ರಾಮೀಣ ಪ್ರದೇಶ, 11 ಆದಿವಾಸಿ ಪ್ರದೇಶ, 4 ನಗರ. ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇವತ್ತು ನಮ್ಮ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಎಲ್ಲಕ್ಕೂ ತವರು ಆ ತಾಲ್ಲೂಕೇ.

ಯೋಜನೆಯಲ್ಲಿ ಆರು ಸೇವೆ ಸೇರಿಸಿದ್ದರು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆರೋಗ್ಯ-ಪೌಷ್ಟಿಕತೆಯ ತಿಳುವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಬೇಕಾದಾಗ ದೊಡ್ಡ ಆಸ್ಪತ್ರೆಗೆ ಕಳಿಸುವುದು. ಇವನ್ನೆಲ್ಲ ಒಟ್ಟಿಗೆ ಇಟ್ಟಿದ್ದಕ್ಕೆ ಕಾರಣವಿದೆ. ಮಗುವಿಗೆ ಊಟ ಕೊಟ್ಟರೂ ಪದೇಪದೇ ಭೇದಿಯಾದರೆ ಆ ಊಟ ಮೈಗೆ ಹತ್ತುವುದಿಲ್ಲ. ಚುಚ್ಚುಮದ್ದು ಹಾಕಿಸಿದರೂ ಹೊಟ್ಟೆಗಿಲ್ಲದ ಮಗು ಕಾಯಿಲೆಗೆ ಬೇಗ ಬೀಳುತ್ತದೆ. ಅದಕ್ಕೇ ಟೀಚರ್ ಮತ್ತು ಆರೋಗ್ಯ ಇಲಾಖೆಯ ಸಿಸ್ಟರ್ ಒಂದೇ ಸೂರಿನಡಿ ಸೇರಬೇಕು ಎಂದು ಲೆಕ್ಕ ಹಾಕಿದ್ದರು.

ಹಳ್ಳಿಯಲ್ಲಿ ಸುಮಾರು ಸಾವಿರ ಜನಸಂಖ್ಯೆಗೆ ಒಂದು ಕೇಂದ್ರ. ಅದನ್ನು ನಡೆಸಲು ಅದೇ ಊರಿನ ಹೆಣ್ಣುಮಗಳು. ಆರಂಭದಲ್ಲಿ ಆಕೆಗೆ ಕೊಟ್ಟಿದ್ದು ತಿಂಗಳಿಗೆ ನೂರು-ನೂರೈವತ್ತು ರೂಪಾಯಿ. ಅದನ್ನು ಸಂಬಳ ಎನ್ನಲಿಲ್ಲ, ‘ಗೌರವಧನ’ ಎಂದರು. ಈ ಒಂದು ಪದ ಮುಂದೆ ದೊಡ್ಡ ಜಗಳಕ್ಕೆ ಕಾರಣವಾಯಿತು.

2001: ಗೋದಾಮು ತುಂಬಿತ್ತು, ಹೊಟ್ಟೆ ಖಾಲಿಯಿತ್ತು

ಮೊದಲ ಇಪ್ಪತ್ತೈದು ವರ್ಷ ಇದು ಬರೀ ‘ಯೋಜನೆ’. ಬಜೆಟ್‌ನಲ್ಲಿ ದುಡ್ಡಿದ್ದರೆ ಕೇಂದ್ರ ತೆರೆಯುತ್ತಿದ್ದರು, ಇಲ್ಲದಿದ್ದರೆ ಇಲ್ಲ. ದೂರದ ತಾಂಡಾ, ಹಾಡಿ, ಕೇರಿಗಳ ಸರದಿ ಕೊನೆಗೇ ಬರುತ್ತಿತ್ತು.

2001ರಲ್ಲಿ ರಾಜಸ್ಥಾನ ಬರಗಾಲಕ್ಕೆ ಸಿಕ್ಕಿತ್ತು. ಹಳ್ಳಿಗಳಲ್ಲಿ ಜನ ಹಸಿದಿದ್ದರು, ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ಹಾಳಾಗುತ್ತಿತ್ತು. ಆಗ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಬದುಕುವ ಹಕ್ಕು ಎಂದ ಮೇಲೆ ಊಟದ ಹಕ್ಕೂ ಅದರಲ್ಲೇ ಇದೆ ಎಂಬುದು ಅವರ ವಾದ.

2001ರ ನವೆಂಬರ್ 28ರಂದು ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಆರು ವರ್ಷದೊಳಗಿನ ಪ್ರತಿ ಮಗು, ಪ್ರತಿ ಬಸುರಿ, ಪ್ರತಿ ಬಾಣಂತಿಗೆ ಈ ಆಹಾರ ಸಿಗಬೇಕು, ಪ್ರತಿ ಜನವಸತಿಗೂ ಅಂಗನವಾಡಿ ಬೇಕು ಎಂದಿತು. ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಹೇಳಿದ್ದೂ ಇದೇ ಆದೇಶ.

2004ರ ಅಕ್ಟೋಬರ್‌ನಲ್ಲಿ ಇನ್ನೊಂದು ಆದೇಶ ಬಂತು. ಅಂಗನವಾಡಿ ಸೇವೆಗೆ ಬಿಪಿಎಲ್ ಕಾರ್ಡ್ ಕೇಳಬಾರದು. ಆಹಾರ ಪೂರೈಕೆಗೆ ಗುತ್ತಿಗೆದಾರರು ಬೇಡ, ಆದಷ್ಟೂ ಊರಿನ ಮಹಿಳಾ ಸಂಘಗಳಿಗೆ ಕೊಡಿ. ಹೊಸ ಕೇಂದ್ರ ತೆರೆಯುವಾಗ ಪರಿಶಿಷ್ಟ ಜಾತಿ-ಪಂಗಡದ ಕೇರಿಗಳಿಗೆ ಮೊದಲ ಆದ್ಯತೆ ಕೊಡಿ.

2006ರ ಡಿಸೆಂಬರ್ 13ರ ಆದೇಶ ಇನ್ನೂ ಮುಂದೆ ಹೋಯಿತು. ದೇಶದಲ್ಲಿ 14 ಲಕ್ಷ ಅಂಗನವಾಡಿ ಆಗಬೇಕು. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿ ಅಥವಾ ಕೊಳೆಗೇರಿಯ ಜನ ಬೇಡಿಕೆ ಇಟ್ಟರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕು ಎಂದಿತು.

ಅದೇ ಡಿಸೆಂಬರ್, ಇನ್ನೊಂದು ತೀರ್ಪು

ಅದೇ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪ್ರಕರಣವೊಂದರಲ್ಲೂ ತೀರ್ಪು ಕೊಟ್ಟಿತು. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿಲ್ಲ, ಅವರು ಒಂದು ಯೋಜನೆಯಡಿ ಕೆಲಸ ಮಾಡುವವರು, ಹಾಗಾಗಿ ಸರ್ಕಾರಿ ನೌಕರರಂತೆ ಆಡಳಿತ ನ್ಯಾಯಮಂಡಳಿಗೆ ಹೋಗುವಂತಿಲ್ಲ ಎಂಬುದು ಅದರ ಸಾರ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಗುವಿಗೆ ಊಟ ಸಿಗಲೇಬೇಕು. ಅದನ್ನು ಬೇಯಿಸಿ ಬಡಿಸುವವರ ಕೆಲಸ ಮಾತ್ರ ‘ಗೌರವ’ಕ್ಕೆ ಮಾಡುವ ಸೇವೆ. ತೂಕ, ದಾಖಲಾತಿ, ಸರ್ವೆ, ಪಲ್ಸ್ ಪೋಲಿಯೊ ಹೀಗೆ ಕೆಲಸ ಏರುತ್ತಲೇ ಹೋಯಿತು, ಹೆಸರು ಮಾತ್ರ ಗೌರವಧನವಾಗಿಯೇ ಉಳಿಯಿತು. ನಮ್ಮ ಅಕ್ಕಂದಿರು ಬೆಂಗಳೂರಿನ ಬೀದಿಯಲ್ಲಿ ಹಗಲು-ರಾತ್ರಿ ಧರಣಿ ಕೂತಿದ್ದನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ.

2013: ಕಾಯ್ದೆಯಾದ ಊಟ

2013ರಲ್ಲಿ ಸಂಸತ್ತು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ತಂದಿತು. ಕೋರ್ಟ್ ಹೇಳಿದ್ದ ಊಟದ ಮಾತು ಕಾನೂನಾಯಿತು. ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿ ಮೂಲಕ ಉಚಿತ ಆಹಾರ ಕೊಡಬೇಕು. ಎಷ್ಟು ಎಂಬುದೂ ಕಾಯ್ದೆಯ ಪಟ್ಟಿಯಲ್ಲೇ ಬಂತು: ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್. ಅಪೌಷ್ಟಿಕ ಮಗುವಿಗೆ 800 ಕ್ಯಾಲೊರಿ. ಬಸುರಿ-ಬಾಣಂತಿಯರಿಗೆ 600. ಕೊಡದಿದ್ದರೆ ಅದರ ಬದಲು ಆಹಾರ ಭದ್ರತಾ ಭತ್ಯೆ ಕೊಡಬೇಕು ಎಂದೂ ಕಾಯ್ದೆಯಲ್ಲಿದೆ.

ಅದೇ ವರ್ಷ ಆಗಸ್ಟ್ 1ರಂದು ಕರ್ನಾಟಕ ಸರ್ಕಾರ ಶಾಲೆ ಮತ್ತು ಅಂಗನವಾಡಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಶುರು ಮಾಡಿತು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಡಿ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಂತು. ಆದರೆ ಒಂಟಿ ಮನೆಗಳೇ ಹೆಚ್ಚಿರುವ ಮಲೆನಾಡಿನಲ್ಲಿ ತುಂಬು ಬಸುರಿ ದಿನಾ ಗುಡ್ಡ ಹತ್ತಿ ಇಳಿದು ಬರುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಅಂಗಳ ದೂರವಾದರೆ ಊಟವೂ ದೂರ ಎಂಬ ತಾರಾಬಾಯಿ ಕಾಲದ ಪಾಠವನ್ನು ನಾವು ಮತ್ತೆ ಕಲಿಯಬೇಕಾಯಿತು.

2022: ಮಗುವಿನ ಹಕ್ಕು ಟೀಚರ್ ಕೈಹಿಡಿಯಿತು

2022ರ ಏಪ್ರಿಲ್ 25ರಂದು, ಗುಜರಾತಿನ ಕಾರ್ಯಕರ್ತೆಯರು ಹೋರಾಡಿದ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರಿಗೆ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಜಯ್ ರಸ್ತೋಗಿ ಮತ್ತು ನ್ಯಾಯಮೂರ್ತಿ ಅಭಯ್ ಎಸ್. ಓಕಾ. ಓಕಾ ಅವರು ಅದಕ್ಕೆ ಮುಂಚೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು.

ಕೋರ್ಟ್ ಕೊಟ್ಟ ಕಾರಣವನ್ನು ಗಮನಿಸಿ. 2013ರ ಕಾಯ್ದೆ ಬಂದ ಮೇಲೆ ಅಂಗನವಾಡಿ ಮಾಡುತ್ತಿರುವುದು ಕಾನೂನು ಒಪ್ಪಿಸಿದ ಕರ್ತವ್ಯ. ಅಂಥ ಕೆಲಸವನ್ನು ಅರೆಕಾಲಿಕ ಎಂದು ತಳ್ಳಿಹಾಕಲಾಗದು. ಅಂದರೆ ಮಕ್ಕಳ ಊಟ ಹಕ್ಕಾಗಿದ್ದರಿಂದಲೇ ಟೀಚರ್‌ಗೂ ಒಂದು ಹಕ್ಕು ಸಿಕ್ಕಿತು. ಇಬ್ಬರ ದಾರಿ ಬೇರೆಬೇರೆ ಎಂದು ನಾವು ತಿಳಿದಿದ್ದರೆ, ಈ ತೀರ್ಪು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿತು.

ನಮ್ಮ ಊರಿಗೆ ಇದರಿಂದ ಏನು?

ಹಾಲಿನ ಪುಡಿ ಬಂದಿಲ್ಲ, ಮೊಟ್ಟೆ ಬಂದಿಲ್ಲ ಎಂದಾಗ ನಮ್ಮ ಸಿಟ್ಟು ಮೊದಲು ಟೀಚರ್ ಮೇಲೆ ಹೋಗುತ್ತದೆ. ಸಾಮಾನು ಮೇಲಿನಿಂದಲೇ ಬಂದಿಲ್ಲದಿದ್ದರೆ ಆಕೆಯಾದರೂ ಎಲ್ಲಿಂದ ತಂದಾರು? ಮೊದಲು ಸ್ಟಾಕ್ ಬಂದಿದೆಯೇ ಎಂದು ಕೇಳಿ. ಬಂದಿಲ್ಲದಿದ್ದರೆ ಬಾಲವಿಕಾಸ ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ ಮಾತೆತ್ತಿ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ನಿಮ್ಮ ತಾಂಡಾ ಅಥವಾ ಹಾಡಿಯಲ್ಲಿ ಅಂಗನವಾಡಿ ಇಲ್ಲವೇ? ಮನೆಮನೆಗೆ ಹೋಗಿ ಆರು ವರ್ಷದೊಳಗಿನ ಮಕ್ಕಳನ್ನು ಎಣಿಸಿ, ಹೆಸರು-ವಯಸ್ಸು ಬರೆದ ಪಟ್ಟಿಯನ್ನು ಅರ್ಜಿಗೆ ಸೇರಿಸಿ. ಈಗಿನ ನಿಯಮ ಏನೆಂದು ಕಚೇರಿಯಲ್ಲೇ ಕೇಳಿ. ಮಕ್ಕಳು ಕಡಿಮೆ ಇದ್ದರೆ ಮಿನಿ ಅಂಗನವಾಡಿಯ ಬಗ್ಗೆಯೂ ವಿಚಾರಿಸಿ.

ಐವತ್ತು ವರ್ಷದ ಈ ಕಥೆಯಲ್ಲಿ ತಾನಾಗಿ ಬಂದದ್ದು ಕಡಿಮೆ. ಒಬ್ಬರು ಅಂಗಳಕ್ಕೆ ಹೋದರು, ಕೆಲವರು ಕೋರ್ಟಿಗೆ ಹೋದರು, ಸಾವಿರಾರು ಹೆಣ್ಣುಮಕ್ಕಳು ಬೀದಿಗೆ ಬಂದರು. ಕೇಳಿದ್ದರಿಂದಲೇ ಇಷ್ಟಾಗಿದೆ. ಉಳಿದದ್ದನ್ನು ಕೇಳಲು ಮುಂದಿನ ಗ್ರಾಮಸಭೆ ಯಾವಾಗ ಎಂದು ಪಂಚಾಯಿತಿಯಲ್ಲಿ ಇವತ್ತೇ ವಿಚಾರಿಸಿ.